ಪ್ರಾಧಿಕಾರದ ಗಂಟಲು

ಶಾಲೆಯಲ್ಲಿ ಮೈಕಣ್ಣ ಪಕ್ಕದ ಹುಡುಗನ ಕಿವಿಯಲ್ಲಿ ಗುಟ್ಟು ಹೇಳಿದರೆ ಮುಖ್ಯೋಪಾಧ್ಯಾಯರು ತಮ್ಮ ಕೋಣೆಯಿಂದಲೇ ಅದಕ್ಕೆ ಉತ್ತರ ಕೊಡುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿದ್ದ ಚಿಕ್ಕಪ್ಪನನ್ನು ನೋಡಲು ಹೋಗಿ, ತನಗೆ ತಿಳಿದಷ್ಟು ಮೆಲ್ಲಗೆ, "ಹೇಗಿದೀರಾ?" ಎಂದು ಕೇಳಿದ್ದಕ್ಕೆ ಆಚೆ ವಾರ್ಡಿನ ರೋಗಿಗಳೆಲ್ಲ "ಪರವಾಗಿಲ್ಲಪ್ಪಾ" ಎಂದರಂತೆ. ಹೆತ್ತವರು ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಅಕ್ಕ. ಹೊಳೆಯ ದಂಡೆಗೆ ಅಂಟಿಕೊಂಡ ಕೆಳಗಿನ ಬೀದಿಯಲ್ಲಿ ಅವಳದು ಹಾಸಿಗೆ ಹೊಲಿಯುವ ಅಂಗಡಿ. ಹಗಲೆಲ್ಲ ಹತ್ತಿ ಬಡಿಯುವ ಸದ್ದು. ಆ ಸದ್ದಿನಲ್ಲಿ ಊಟ ಬೇಕೆಂದರೂ ಕೂಗಲೇಬೇಕು, ಗಂಟಲು ಹಾಗಾದದ್ದೇ ಅದರಿಂದ ಎಂದು ಅವನ ಹೆಂಡತಿಯ ವಾದ. ಅಕ್ಕ ಮಾತ್ರ, "ಇವನು ತೊಟ್ಟಿಲಲ್ಲೇ ಹೀಗಿದ್ದ. ಹತ್ತಿ ಮೇಲೆ ಯಾಕೆ ತಪ್ಪು ಹಾಕ್ತೀಯ?" ಎನ್ನುತ್ತಿದ್ದಳು.

ಇಂಥ ಗಂಟಲಿಗೆ ಕೆಲಸ ಹುಡುಕುವುದು ಕಷ್ಟವಾಗಲಿಲ್ಲ. ಮೊದಲು ಮಾರುಕಟ್ಟೆಯಲ್ಲಿ ತರಕಾರಿಯವರ ಪರವಾಗಿ ಕೂಗಿದ. ಆಮೇಲೆ ಒಂದು ಸರ್ಕಸ್ಸಿನ ಪ್ರಚಾರದ ವ್ಯಾನು ಹತ್ತಿದ. ಆ ಸರ್ಕಸ್ಸಿನಲ್ಲಿ ಇದ್ದದ್ದು ಒಂದು ಮುದಿ ಕುದುರೆ ಮತ್ತು ಮಾತು ಮರೆತ ಗಿಳಿ. ಮೈಕಣ್ಣನ ಬಾಯಿಗೆ ಬಿದ್ದರೆ ಅದೇ ಕಾಡಿಗೆ ಕಾಡೇ ಆಗುತ್ತಿತ್ತು. ಟಿಕೆಟ್ ಕೊಂಡು ಒಳಗೆ ಹೋದವರು ಹೊರಗೆ ಬಂದು ಅವನನ್ನು ಹುಡುಕುವಷ್ಟರಲ್ಲಿ ವ್ಯಾನು ಮುಂದಿನ ಊರು ಸೇರಿರುತ್ತಿತ್ತು. ಇಲ್ಲದ್ದನ್ನು ಇದೆ ಎಂದು ಜನರಿಗೆ ನಂಬಿಸಿದ ಈ ಅನುಭವವೇ ಮುಂದೆ ಅವನಿಗೆ ಸರಕಾರಿ ಕೆಲಸದ ಅರ್ಹತೆಯಾಯಿತು.

ದೇಶದ ನೀರನ್ನೆಲ್ಲ ನೋಡಿಕೊಳ್ಳಲೆಂದು ಒಂದು ಪ್ರಾಧಿಕಾರವಿತ್ತು. ಅದರ ಪೂರ್ತಿ ಹೆಸರು ಒಂದು ಬೋರ್ಡಿನಲ್ಲಿ ಹಿಡಿಸದೆ ಪಕ್ಕದ ಇನ್ನೊಂದು ಬೋರ್ಡಿಗೂ ಹರಿದಿತ್ತು. ಆ ಕಟ್ಟಡದಲ್ಲಿ ಸರಾಗವಾಗಿ ಹರಿದದ್ದು ಅದೊಂದೇ. ಮೋಡದಿಂದ ಬಿದ್ದ ಹನಿ ಕಡಲು ಸೇರುವವರೆಗೂ ಪ್ರಾಧಿಕಾರದ ಸುಪರ್ದಿನಲ್ಲಿ ಇರಬೇಕೆಂದು ಕಾನೂನು. ಯಾವ ಅಣೆಕಟ್ಟಿನಲ್ಲಿ ಎಷ್ಟು ನೀರು ಹಿಡಿದಿಡಬೇಕು, ಮೇಲಿನ ಪ್ರಾಂತ್ಯಕ್ಕೆಷ್ಟು ಕೆಳಗಿನ ಪ್ರಾಂತ್ಯಕ್ಕೆಷ್ಟು, ಯಾರು ಎಷ್ಟು ಆಳಕ್ಕೆ ಬಾವಿ ತೋಡಬಹುದು, ಹೊಳೆ ಉಕ್ಕಿದರೆ ಯಾರು ಯಾರಿಗೆ ಹೇಳಬೇಕು, ಎಲ್ಲವನ್ನೂ ಅದು ನಿರ್ಧರಿಸುತ್ತಿತ್ತು. ನಲ್ಲಿಯಲ್ಲಿ ನೀರು ಯಾಕೆ ಬರುತ್ತಿಲ್ಲ ಎಂಬ ಒಂದು ಸಣ್ಣ ವಿಷಯ ಮಾತ್ರ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಹಾಗೆ ಕೇಳಿಕೊಂಡು ಬಂದವರಿಗೆ ಕುರ್ಚಿ ಕೊಟ್ಟು, ತಾವು ನೀರು ಕೊಡುವವರಲ್ಲ, ನಿರ್ವಹಿಸುವವರು ಎಂದು ವಿನಯದಿಂದ ತಿಳಿಸಿ ಕಳಿಸುತ್ತಿದ್ದರು.

ಅಲ್ಲಿ ಮೈಕಣ್ಣನಿಗೆ ಸಿಕ್ಕಿದ್ದು ಎಚ್ಚರಿಕೆ ಸಾರುವ ಕೆಲಸ. ವ್ಯಾನಿನ ನೆತ್ತಿಯ ಮೇಲೆ ನಾಲ್ಕು ದಿಕ್ಕಿಗೂ ಬಾಯಿ ತೆರೆದ ಕಹಳೆಗಳು, ಒಳಗೆ ಅವನು, ಕೈಯಲ್ಲಿ ಮೈಕು. ಬೇಸಿಗೆಯಲ್ಲಿ ನೀರು ಉಳಿಸಿ ಎನ್ನುವುದು, ಮಳೆಗಾಲದಲ್ಲಿ ನೀರಿನಿಂದ ನಿಮ್ಮನ್ನು ಉಳಿಸಿಕೊಳ್ಳಿ ಎನ್ನುವುದು. ಆಗೆಲ್ಲ ಅವನಿಗೆ ಯಾರೂ ಮಾತು ಬರೆದುಕೊಡುತ್ತಿರಲಿಲ್ಲ. "ಏ ಕೆಳಗಿನ ಬೀದಿಯವ್ರೇ, ಹೊಳೆ ಕಡೆ ದನ ಬಿಡಬೇಡ್ರೋ! ಸಂಜೆಗೆ ನೀರು ಏರುತ್ತೆ!" ಎಂದು ಕೂಗಿಕೊಂಡು ಹೋದರೆ ಜನ ಬೈದುಕೊಂಡೇ ದನ ಕಟ್ಟುತ್ತಿದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಚೆನ್ನಾಗಿ ನಡೆಯುವುದನ್ನು ಕಂಡರೆ ಸುಧಾರಿಸಬೇಕೆನಿಸುವುದು ದೊಡ್ಡ ಕಚೇರಿಗಳ ಸ್ವಭಾವ.

ರಾಜಧಾನಿಯಿಂದ ಒಬ್ಬ ಸಂವಹನಾಧಿಕಾರಿ ಬಂದರು. ಅವರ ಸ್ವಂತ ದನಿ ಮೇಜಿನ ಆಚೆ ಕೂತವರಿಗೆ ಕೇಳಿಸುತ್ತಿರಲಿಲ್ಲ. ರಾಷ್ಟ್ರಮಟ್ಟದ ಸಂಸ್ಥೆಯೊಂದು ಜನರನ್ನು "ಏ" ಎಂದು ಕರೆಯುತ್ತದೆಂದು ಕೇಳಿ ಅವರಿಗೆ ಅವಮಾನವಾಯಿತು. ಇನ್ನು ಮುಂದೆ ದೇಶದ ಎಲ್ಲ ಹೊಳೆಗಳ ದಂಡೆಯಲ್ಲೂ ಒಂದೇ ಎಚ್ಚರಿಕೆ, ಒಂದೇ ದನಿ ಎಂದು ತೀರ್ಮಾನವಾಯಿತು. ರೇಡಿಯೊದಲ್ಲಿ ಸಂಗೀತ ಕಾರ್ಯಕ್ರಮ ನಡೆಸುತ್ತಿದ್ದ ಹೆಂಗಸೊಬ್ಬಳ ಜೇನಿನಂಥ ದನಿಯಲ್ಲಿ ಪಠ್ಯವನ್ನು ಧ್ವನಿಮುದ್ರಿಸಿ ತಂದರು. "ಮಾನ್ಯ ನಾಗರಿಕರೇ, ಜಲಾಶಯದಿಂದ ಹೊರಹರಿವಿನ ಪ್ರಮಾಣದಲ್ಲಿ ಗಣನೀಯ ಏರಿಕೆಯನ್ನು ನಿರೀಕ್ಷಿಸಲಾಗಿರುವುದರಿಂದ ನದೀಪಾತ್ರದ ತಗ್ಗು ಪ್ರದೇಶಗಳ ನಿವಾಸಿಗಳು ಸೂಕ್ತ ಮುಂಜಾಗ್ರತಾ ಕ್ರಮಗಳನ್ನು ಕೈಗೊಳ್ಳತಕ್ಕದ್ದು." ಹಿಂದೆ ಸಣ್ಣಗೆ ಕೊಳಲು ಬೇರೆ.

ಮೈಕಣ್ಣನ ಕೈಯಿಂದ ಮೈಕು ಹೋಗಿ ಗುಂಡಿ ಬಂತು. ಗುಂಡಿ ಒತ್ತುವುದು, ಮುಗಿದರೆ ಮತ್ತೆ ಒತ್ತುವುದು. ಇದರಿಂದ ಅವನಿಗೆ ಬೇಸರವಾಯಿತು ಎಂದು ನೀವು ಅಂದುಕೊಂಡರೆ ಅವನನ್ನು ನೀವು ಬಲ್ಲವರಲ್ಲ. ಅವನಿಗೆ ಹೊಸ ಸಮವಸ್ತ್ರ ಬಂದಿತ್ತು, ಎದೆಯ ಮೇಲೆ "ಧ್ವನಿ ಸಂಯೋಜಕ" ಎಂಬ ಪಟ್ಟಿ. ಅವನಂತೂ ಆ ಪಠ್ಯಕ್ಕೆ ಮರುಳಾಗಿಹೋದ. ಕನ್ನಡಿಯ ಮುಂದೆ ನಿಂತು "ಗಣನೀಯ" ಎಂದು ಬಾಯಿ ತುಂಬ ಹೇಳಿ ನೋಡುತ್ತಿದ್ದ. ಒಂದು ದಿನ ಊಟಕ್ಕೆ ಕೂತವನು, "ಸಾರಿನಲ್ಲಿ ಉಪ್ಪಿನ ಪ್ರಮಾಣ ಗಣನೀಯವಾಗಿ ಕುಸಿದಿದೆ" ಎಂದ.

ಬೇಕರಿಯ ಕೌಂಟರಿನಲ್ಲಿ ಹಗಲೆಲ್ಲ ನಿಂತು ಬಂದಿದ್ದ ಹೆಂಡತಿ ಉಪ್ಪಿನ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. "ಉಪ್ಪು ಕಮ್ಮಿ ಅನ್ನೋಕೆ ಬಾಯಿಗೇನ್ರೀ ರೋಗ?"

"ಅದು ಸೂಕ್ತ ಭಾಷೆ ಕಣೇ. ನಿನಗೆ ತಿಳಿಯೋದಿಲ್ಲ."

"ತಿಳೀದೇ ಇರೋದೇ ಸೂಕ್ತ ಭಾಷೆ ಅಂತ ಮೊದಲೇ ಹೇಳೋದಲ್ವಾ!"

ಕೆಳಗಿನ ಬೀದಿಯವರು ಹೊಸ ದನಿಯನ್ನು ಬಹಳ ಮೆಚ್ಚಿಕೊಂಡರು. ವ್ಯಾನು ಬಂದರೆ ಮುದುಕಿಯರು ಬಾಗಿಲಿಗೆ ಬಂದು ಕೂರುತ್ತಿದ್ದರು. ಕೊಳಲು ಇನ್ನೊಂದು ಸ್ವಲ್ಪ ಇದ್ದಿದ್ದರೆ ಚೆನ್ನಿತ್ತು ಎಂದು ಕ್ಷೌರದಂಗಡಿಯವನ ಅಭಿಪ್ರಾಯ. ಅಕ್ಕ ಹೇಳಿದ್ದಿಷ್ಟೇ: "ಆ ಹೆಣ್ಣುಮಗಳು ಏನು ಮಾರ್ತಾಳೋ ಗೊತ್ತಾಗಲಿಲ್ಲ ಕಣೋ. ಆದ್ರೆ ನಿದ್ದೆ ಮಾತ್ರ ಚೆನ್ನಾಗಿ ಬರುತ್ತೆ." ತಾಲೀಮಿಗೆಂದು ಪ್ರಾಧಿಕಾರ ಮಳೆಯಿಲ್ಲದ ದಿನಗಳಲ್ಲೂ ಅದನ್ನೇ ಮೊಳಗಿಸುತ್ತಿದ್ದುದರಿಂದ ಎಚ್ಚರಿಕೆಗೂ ಹೊಳೆಗೂ ಸಂಬಂಧವಿದೆಯೆಂಬುದನ್ನು ಬೀದಿ ನಿಧಾನವಾಗಿ ಮರೆಯಿತು.

ಆ ವರ್ಷದ ಬೇಸಿಗೆಯಲ್ಲಿ ಅಣೆಕಟ್ಟು ತಳ ಕಂಡು ಪ್ರಾಧಿಕಾರ ಎಲ್ಲರ ಬಾಯಿಗೂ ಬಿದ್ದಿತ್ತು. ಆದ್ದರಿಂದ ಈ ಮಳೆಗಾಲದಲ್ಲಿ ಒಂದು ತೊಟ್ಟನ್ನೂ ಸುಮ್ಮನೆ ಹರಿಯಬಿಡಬಾರದು ಎಂದು ಹಲ್ಲು ಕಚ್ಚಿ ಹಿಡಿದಿಟ್ಟಿದ್ದರು. ಮೇಲಿನ ಗುಡ್ಡಗಳಲ್ಲಿ ಮಳೆ ಬಿಡದೆ ಸುರಿಯಿತು. ನೀರು ಅಣೆಕಟ್ಟಿನ ಅಂಚಿಗೆ ಬಂದಾಗ ಪ್ರಾಧಿಕಾರ ಸಭೆ ಕರೆಯಿತು. ಮೇಲಿನ ಪ್ರಾಂತ್ಯದವರು ಈಗಲೇ ಬಿಡಿ ಎಂದರು, ಕೆಳಗಿನ ಪ್ರಾಂತ್ಯದವರು ಈಗ ಬೇಡ ಎಂದರು. ಪ್ರಾಧಿಕಾರ ಇಬ್ಬರನ್ನೂ ಗೌರವಿಸಿ ಏನನ್ನೂ ಮಾಡದೆ ಕೂತಿತು. ಇನ್ನು ಸ್ವಲ್ಪ ತಡವಾದರೆ ಅಣೆಕಟ್ಟೇ ತೀರ್ಮಾನ ತೆಗೆದುಕೊಂಡೀತು ಎಂದು ಎಂಜಿನಿಯರುಗಳು ಬೆವರತೊಡಗಿದ ಮೇಲೆ, ಎಲ್ಲ ಗೇಟುಗಳನ್ನೂ ಒಟ್ಟಿಗೇ ಎತ್ತಲು ಅಪ್ಪಣೆಯಾಯಿತು. ಮೈಕಣ್ಣನಿಗೆ ಬಂದದ್ದು ಎಂದಿನ ಒಂದೇ ಮಾತು: ಪಠ್ಯ ಮೊಳಗಿಸಿ.

ಊರಿನಲ್ಲಿ ಅವತ್ತು ಕಣ್ಣು ಕುಕ್ಕುವ ಬಿಸಿಲು. ಮೋಡದ ಚೂರೂ ಇಲ್ಲ. ಕೆಳಗಿನ ಬೀದಿ ಪೂರ್ತಿ ಬಿಸಿಲಿಗೆ ಮೈಯೊಡ್ಡಿ ಕೂತಿತ್ತು. ಅಕ್ಕ ಅಂಗಡಿಯ ಮುಂದೆ ಚಾಪೆ ಹಾಸಿ ಹತ್ತಿ ಹರಡಿದ್ದಳು. ಕ್ಷೌರದಂಗಡಿಯವನು ಕುರ್ಚಿಯನ್ನು ರಸ್ತೆಗೇ ತಂದು ಯಾರದೋ ಕೆನ್ನೆಗೆ ನೊರೆ ಬಳಿಯುತ್ತಿದ್ದ. ಸೇತುವೆಯ ಕಟ್ಟೆಯ ಮೇಲೆ ಇಸ್ಪೀಟು ನಡೆದಿತ್ತು. ಮೈಕಣ್ಣ ಗುಂಡಿ ಒತ್ತಿಕೊಂಡು ಆ ತುದಿಯಿಂದ ಈ ತುದಿಗೆ ಹೋದ. ಜನ ಕೈಬೀಸಿದರು. ತಿರುಗಿ ಬಂದ. ಇಸ್ಪೀಟಿನವರಲ್ಲೊಬ್ಬ ಕೊಳಲಿಗೆ ತಲೆದೂಗಿದ.

ಮೂರನೆಯ ಸಲ ಸೇತುವೆಯ ಮೇಲೆ ಬಂದಾಗ ಮೈಕಣ್ಣ ಕೆಳಗೆ ಬಗ್ಗಿ ನೋಡಿದ. ಬೆಳಿಗ್ಗೆ ತಿಳಿಯಾಗಿದ್ದ ನೀರು ಕೆಂಪಗೆ ಕದಡಿತ್ತು. ಬೇರುಸಮೇತ ಕಿತ್ತುಬಂದ ಮರವೊಂದು ಮಗುಚಿಕೊಂಡು ಹೋಯಿತು. ಅದರ ಹಿಂದೆಯೇ ಒಂದು ಬಾಗಿಲು, ಚೌಕಟ್ಟಿನ ಸಮೇತ, ಚಿಲಕ ಹಾಕಿದ ಹಾಗೇ. ಫೋನು ತೆಗೆದು ಸಂವಹನಾಧಿಕಾರಿಗೆ ಮಾಡಿದ.

"ಸರ್, ಯಾರೂ ಏಳ್ತಿಲ್ಲ. ನಾನೇ ಎರಡು ಮಾತು ಹೇಳ್ಲಾ?"

"ಏನು ಹೇಳ್ತೀರಿ?"

"ನೀರು ಬರ್ತಿದೆ, ಓಡಿ ಅಂತ."

"ಛೆ ಛೆ! ಓಡಿ ಅನ್ನೋ ಪದ ಅನುಮೋದಿತ ಅಲ್ಲ. ಜನ ಗಾಬರಿಯಾಗ್ತಾರೆ."

"ಗಾಬರಿ ಆಗ್ಲೇಬೇಕಲ್ಲಾ ಸರ್?"

"ಪಠ್ಯ ಮೊಳಗಿಸಿ" ಎಂದು ಆ ಸಣ್ಣ ದನಿ ಹೇಳಿ ಕಡಿದುಹೋಯಿತು.

ಇಲ್ಲಿ ಮೈಕಣ್ಣ ವೀರನಂತೆ ತಂತಿ ಕಿತ್ತೆಸೆದ ಎಂದು ಬರೆಯಲು ಆಸೆಯಾಗುತ್ತದೆ. ಅವನು ಹಾಗೆ ಮಾಡಲಿಲ್ಲ. ಸಮವಸ್ತ್ರವನ್ನು ನೇರ ಮಾಡಿಕೊಂಡು ಮತ್ತೊಮ್ಮೆ ಗುಂಡಿ ಒತ್ತಿದ. ಆ ಜೇನಿನ ದನಿ ಮಾನ್ಯ ನಾಗರಿಕರೇ ಎಂದು ಶುರುಮಾಡಿತು. ಅಕ್ಕನ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ ಇಳಿದ.

"ಬಾರೋ, ಚಹಾ ಕುಡಿ. ಬೆಳಿಗ್ಗೆಯಿಂದ ಸುತ್ತುತಾನೇ ಇದೀಯ" ಎಂದಳು ಅಕ್ಕ, ಹತ್ತಿ ತಿರುವಿಹಾಕುತ್ತ.

"ಅಕ್ಕ, ಹೊರಹರಿವಿನ ಪ್ರಮಾಣ ಗಣನೀಯವಾಗಿ..."

"ಯಾರ ಹೊರಹರಿವೋ?"

"ಜಲಾಶಯದ್ದು. ತಗ್ಗು ಪ್ರದೇಶದ ನಿವಾಸಿಗಳು ಸೂಕ್ತ..."

ಅಕ್ಕ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಊರಿದಳು. "ನಾನು ನಿನಗೆ ಸ್ನಾನ ಮಾಡಿಸಿದವಳು ಕಣೋ! ನನ್ನ ಹತ್ರನೂ ಇದೇ ಪಾಠ ಒಪ್ಪಿಸ್ತೀಯಾ? ನೆಟ್ಟಗೆ ಮಾತಾಡೋದಾದ್ರೆ ಮಾತಾಡು, ಇಲ್ಲಾಂದ್ರೆ ದಾರಿ ಬಿಡು, ಹತ್ತಿಗೆ ನೆರಳು ಬೀಳ್ತಿದೆ."

ಮೈಕಣ್ಣನ ಗಂಟಲು ಕಟ್ಟಿತು. ಅವನ ಜೀವಮಾನದಲ್ಲಿ ಅದು ಕಟ್ಟಿದ್ದು ಅದೇ ಮೊದಲು. ಮಾತು ಪಿಸುದನಿಯಲ್ಲಿ ಹೊರಬಂತು. "ಅಕ್ಕ, ನೀರು ಬರ್ತಿದೆ. ಎಲ್ಲಾ ಗೇಟೂ ತೆಗೆದುಬಿಟ್ಟಿದಾರೆ. ನಿನ್ನ ಅಂಗಡಿ ಉಳಿಯಲ್ಲ. ಎದ್ದೇಳು."

ಅಕ್ಕ ಅವನ ಮುಖ ನೋಡಿದಳು. ಕೋಲು ಬಿಸಾಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಹೋಗಿ ಹೊಲಿಗೆಯಂತ್ರದ ತಲೆಯನ್ನು ಕಂಕುಳಿಗೆ ಇರುಕಿಕೊಂಡು ಹೊರಬಂದವಳು ಒಂದೇ ಮಾತು ಕೇಳಿದಳು. "ಇದನ್ನ ಬೆಳಿಗ್ಗೆಯಿಂದ ಯಾಕೋ ಹೇಳ್ಲಿಲ್ಲ?"

ಅವನು ವ್ಯಾನಿಗೆ ಓಡಿದ. ಕೊಳಲಿನ ತಂತಿ ಕಿತ್ತ. ಸೀಟಿನ ಕೆಳಗೆ ದೂಳು ತಿನ್ನುತ್ತ ಬಿದ್ದಿದ್ದ ಹಳೆಯ ಮೈಕನ್ನು ಎಳೆದು ಸಿಕ್ಕಿಸಿದ. ಆಮೇಲೆ ಬಾಯಿ ತೆರೆದ.

"ಏ ಕೆಳಗಿನ ಬೀದಿಯವ್ರೇ! ಕಿವಿಗೇನು ಹತ್ತಿ ಇಟ್ಕೊಂಡಿದೀರಾ? ನೀರು ಬರ್ತಿದೆ, ನೀರು! ಎದ್ದೇಳ್ರೋ ಎಮ್ಮೆಗಳಾ! ಎಮ್ಮೆನಾದ್ರೂ ಮೂಗಿಗೆ ನೀರು ಬಂದ್ರೆ ಏಳುತ್ತೆ! ಏಯ್ ಇಸ್ಪೀಟು, ಎಲೆ ಬಿಸಾಕೋ, ನಿನ್ನ ಆಟ ಮುಗೀತು! ಕ್ಷೌರದವನೇ, ಅವನ ಅರ್ಧ ಮುಖ ಹಾಗೇ ಇರ್ಲಿ, ಇನ್ನರ್ಧ ಬದುಕಿದ್ರೆ ನೋಡ್ಕೊಳ್ಳೋಣ! ಅಜ್ಜಿ, ಟ್ರಂಕು ಎಳೀಬೇಡ, ಮೊಮ್ಮಗೂನ ಎತ್ಕೋ! ಗುಡ್ಡದ ಕಡೆ ನಡೀರೋ! ನಿಂತು ನೋಡೋಕೆ ಇದೇನು ಸರ್ಕಸ್ಸಾ?"

ಬೀದಿ ದಡಬಡಿಸಿ ಎದ್ದಿತು. ಬೈಸಿಕೊಂಡ ಮೇಲೆ ಏಳದೆ ಇರುವುದು ಯಾರಿಗೂ ಅಭ್ಯಾಸವಿರಲಿಲ್ಲ. ಮಕ್ಕಳು, ಕೋಳಿ, ಪಾತ್ರೆ, ಒಬ್ಬರಿಗೊಬ್ಬರು ಕೂಗಿಕೊಂಡು ಗುಡ್ಡದ ದಾರಿ ಹಿಡಿದರು. ಒಂದು ಕೆನ್ನೆಗೆ ನೊರೆ ಹಾಗೇ ಇದ್ದ ಗಿರಾಕಿ ಎಲ್ಲರಿಗಿಂತ ಮುಂದಿದ್ದ. ಬೀದಿಯ ಕೊನೆಯಲ್ಲಿ ಗಡಿಯಾರ ರಿಪೇರಿಯ ಮುದುಕನೊಬ್ಬನಿದ್ದ, ಪೂರ್ತಿ ಕಿವುಡ. ಅವನ ಮೇಲೆ ಮೈಕಣ್ಣನ ಗಂಟಲೂ ನಾಟುವಂತಿರಲಿಲ್ಲ. ಕ್ಷೌರದಂಗಡಿಯವನನ್ನು ಹತ್ತಿಸಿಕೊಂಡು ಮೈಕಣ್ಣ ವ್ಯಾನನ್ನು ಅಲ್ಲಿಗೇ ನುಗ್ಗಿಸಿದ. ಭೂತಗನ್ನಡಿ ಕಣ್ಣಿಗೇರಿಸಿ ಕೂತಿದ್ದ ಮುದುಕ ಏನು ಎತ್ತ ಎನ್ನುವಷ್ಟರಲ್ಲಿ ಇಬ್ಬರೂ ಅವನನ್ನು ಕುರ್ಚಿಸಮೇತ ಎತ್ತಿದರು. ಹೊರಗೆ ಬಂದಾಗ ವ್ಯಾನಿನ ಚಕ್ರ ನೀರಿನಲ್ಲಿತ್ತು. ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಮೊಣಕಾಲುಮಟ್ಟದ ನೀರಿನಲ್ಲಿ ಕುರ್ಚಿ ಹೊತ್ತು ಹೊರಟು, ಗುಡ್ಡದ ಮೆಟ್ಟಿಲು ಮುಟ್ಟುವಾಗ ಮೈಕಣ್ಣನಿಗೆ ಎದೆಮಟ್ಟ ನೀರು. ತಿರುಗಿ ನೋಡಿದರೆ ನಾಲ್ಕು ಕಹಳೆಗಳು ಆಕಾಶ ನೋಡುತ್ತ ಮುಳುಗುತ್ತಿದ್ದವು. ಅಕ್ಕನ ಹಾಸಿಗೆಗಳು ಒಂದರ ಹಿಂದೊಂದು ಹೊಳೆಯ ಕಡೆ ಹೊರಟಿದ್ದವು. ಅಕ್ಕ ಹೊಲಿಗೆಯಂತ್ರದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಹೋಗಿ ಪಕ್ಕದಲ್ಲಿ ಕೂತ.

ಯಾರೂ ಸಾಯಲಿಲ್ಲ. ಇದು ಪ್ರಾಧಿಕಾರಕ್ಕೆ ತಿಳಿದ ಕೂಡಲೇ ಅದರ ಅಧ್ಯಕ್ಷರು ಹೆಲಿಕಾಪ್ಟರಿನಲ್ಲಿ ಬಂದು ನೀರನ್ನು ಮೇಲಿನಿಂದ ನಿರ್ವಹಿಸಿ ಹೋದರು. ಏಕರೂಪದ ವೈಜ್ಞಾನಿಕ ಎಚ್ಚರಿಕಾ ಪಠ್ಯದ ಯಶಸ್ಸು ಎಂದು ಪತ್ರಿಕೆಗಳಲ್ಲಿ ಬಂತು. ಜೇನಿನ ದನಿಯ ಹೆಂಗಸಿಗೆ ಶಾಲು ಹೊದಿಸಿದರು. ಪಾಪ, ಆಕೆ ಈ ಹೊಳೆಯನ್ನು ನೋಡಿಯೇ ಇರಲಿಲ್ಲ. ಮೈಕಣ್ಣನಿಗೂ ಪ್ರಾಧಿಕಾರ ಏನೂ ಕೊಡದೆ ಇರಲಿಲ್ಲ, ನೋಟಿಸು ಕೊಟ್ಟಿತು. ಅನುಮೋದಿತ ಪಠ್ಯವನ್ನು ತ್ಯಜಿಸಿದ್ದು, ನಾಗರಿಕರನ್ನು ಪಶುಗಳಿಗೆ ಹೋಲಿಸಿದ್ದು, ನೀರಿನ ನಿರ್ವಹಣೆಗೆಂದು ಕೊಟ್ಟ ವಾಹನವನ್ನು ನೀರಿಗೇ ಒಪ್ಪಿಸಿದ್ದು.

ವಿಚಾರಣೆಗೆ ಸಂವಹನಾಧಿಕಾರಿಗಳೇ ಕೂತರು.

"ಎಮ್ಮೆ ಎಂಬ ಪದವನ್ನು ಯಾರನ್ನು ಉದ್ದೇಶಿಸಿ ಬಳಸಿದಿರಿ?"

"ಏಳದೇ ಇದ್ದವರನ್ನ ಸರ್."

"ಎದ್ದವರಿಗೂ ಅದು ಅನ್ವಯವಾಗುತ್ತಿತ್ತೆ?"

"ಎದ್ದ ಮೇಲೆ ವಾಪಸ್ ತಗೊಂಡೆ ಸರ್."

ಸಾಕ್ಷಿಗೆ ಅಕ್ಕನನ್ನು ಕರೆದಿದ್ದರು. ತಮ್ಮನನ್ನು ಹೊಗಳುತ್ತಾಳೆಂದು ಮೈಕಣ್ಣ ಒಳಗೊಳಗೇ ನಂಬಿದ್ದ. ಅಕ್ಕ ಕುರ್ಚಿಯ ಅಂಚಿಗೆ ಕೂತು ಕೋಣೆಯನ್ನೆಲ್ಲ ಒಮ್ಮೆ ನೋಡಿದಳು.

"ಇವನು ತಪ್ಪು ಮಾಡಿದಾನೆ ಸ್ವಾಮಿ" ಎಂದಳು. "ಶಿಕ್ಷೆ ಕೊಡಿ."

ಅಧಿಕಾರಿಯ ಮುಖ ಅರಳಿತು. "ಅಂದರೆ ನಿಮ್ಮನ್ನು ನಿಂದಿಸಿದ್ದು ನಿಜ?"

"ನಿಂದಿಸಿದ್ದಕ್ಕಲ್ಲ. ಬೆಳಿಗ್ಗೆನೇ ನಿಂದಿಸ್ಲಿಲ್ವಲ್ಲ, ಅದಕ್ಕೆ. ಮೂರು ಸಲ ಆ ಹಾಡು ಹಾಕ್ಕೊಂಡು ಬಂದ. ಮೊದಲನೇ ಸಲನೇ ಬೈದಿದ್ರೆ ನನ್ನ ಹತ್ತಿ ಉಳೀತಿತ್ತು. ಬಾಯಿ ಇದ್ದೂ ಗುಂಡಿ ಒತ್ತಿದನಲ್ಲ, ಅದಕ್ಕೇನು ಶಿಕ್ಷೆ ಇದೆ ನಿಮ್ಮಲ್ಲಿ? ಮತ್ತೆ ಆ ಗುಂಡಿ ಕೊಟ್ಟವರಿಗೆ ಏನಿದೆ?"

ಈ ಪ್ರಶ್ನೆ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಧಿಕಾರಿಗಳು ಹೇಳಿದರು. ಎಷ್ಟು ಮೆಲ್ಲಗೆ ಹೇಳಿದರೆಂದರೆ ಅಕ್ಕ "ಹಾಂ?" ಎಂದು ಕಿವಿಗೆ ಕೈ ಹಿಡಿದಳು. ಮೈಕಣ್ಣ ತಲೆ ತಗ್ಗಿಸಿ ಕೂತಿದ್ದ. ನೋಟಿಸಿನ ಯಾವ ಆರೋಪವೂ ಅವನಿಗೆ ಅಷ್ಟು ಚುಚ್ಚಿರಲಿಲ್ಲ.

ಅವನನ್ನು ಅಂತರ್ಜಲ ವಿಭಾಗಕ್ಕೆ ವರ್ಗ ಮಾಡಿದರು. ಮಾತೇ ಬೇಕಿಲ್ಲದ ಕೆಲಸ. ಭೂಪಟಗಳನ್ನು ಸುರುಳಿ ಸುತ್ತಿ ಕಪಾಟಿಗೆ ಸೇರಿಸುವುದು, ಕೇಳಿದಾಗ ಬಿಚ್ಚುವುದು. ಗುಡ್ಡದ ಮೇಲಿದ್ದ ಅವನ ಮನೆಯಲ್ಲಿ ಅಕ್ಕ ಬಂದು ಉಳಿದುಕೊಂಡಿದ್ದಳು. ಅಕ್ಕನಿಗೂ ತನ್ನ ಹೆಂಡತಿಗೂ ಜಗಳ ಹತ್ತೀತು ಎಂದು ಅವನು ಹೆದರಿದ್ದ. ಹತ್ತಿದ್ದರೆ ಅವನಿಗೆ ಸುಖವಿತ್ತು. ಇಬ್ಬರೂ ಒಂದಾಗಿ ಅವನ ಮೇಲೆ ಬಿದ್ದರು. ಅವನು "ಗ" ಎಂದರೆ ಸಾಕು, ಒಬ್ಬಳು "ಣನೀಯ" ಎಂದು ಮುಗಿಸುತ್ತಿದ್ದಳು. ಇನ್ನೊಬ್ಬಳು ಬಿದ್ದು ಬಿದ್ದು ನಗುತ್ತಿದ್ದಳು.

ಮುಂದಿನ ಮಳೆಗಾಲ ಬಂತು. ಹೊಸ ವ್ಯಾನು, ಹೊಸ ಧ್ವನಿ ಸಂಯೋಜಕ, ಅದೇ ಪಠ್ಯ, ಕೊಳಲು ಮಾತ್ರ ತುಸು ಹೆಚ್ಚು. ಗುಡಿಸಿ ತೊಳೆದು ಮತ್ತೆ ಬದುಕು ಹೂಡಿದ್ದ ಕೆಳಗಿನ ಬೀದಿಯವರು ಕ್ಷೌರದಂಗಡಿಯವನನ್ನು ಮುಂದಿಟ್ಟುಕೊಂಡು ಪ್ರಾಧಿಕಾರದ ಮೆಟ್ಟಿಲು ಹತ್ತಿದರು.

"ಆ ಬಾಯಿಬಡುಕನ್ನ ಕಳಿಸಿ ಸರ್. ಅವನು ಬೈದ್ರೆ ನಮಗೆ ಹೊಳೆ ಏರಿದೆ ಅಂತ ಗೊತ್ತಾಗುತ್ತೆ. ಈಯಮ್ಮ ಮಾತಾಡಿದ್ರೆ ಯಾರದೋ ಮನೆ ಶುಭಕಾರ್ಯ ಅನ್ನಿಸುತ್ತೆ."

ಪ್ರಾಧಿಕಾರ ತಾನು ಸೋತೆನೆಂದು ಎಂದೂ ಒಪ್ಪಿಕೊಂಡದ್ದಿಲ್ಲ. ಅದೊಂದು ಉಪಸಮಿತಿ ರಚಿಸಿ, "ಜನಸ್ನೇಹಿ ತೀವ್ರ ಸಂವಹನ" ಎಂಬ ಹೊಸ ಯೋಜನೆಯನ್ನು ತಾನೇ ಕಂಡುಹಿಡಿಯಿತು. ಅದರ ಪ್ರಕಾರ ಹೊಳೆ ಅಪಾಯದ ಮಟ್ಟ ಮುಟ್ಟಿದಾಗ ಮಾತ್ರ "ಏ" ಎನ್ನಬಹುದು. "ಎಮ್ಮೆ"ಯ ಬಗ್ಗೆ ಉಪಸಮಿತಿಯಲ್ಲಿ ಬಿರುಸಿನ ಚರ್ಚೆ ನಡೆದು ಅದನ್ನು ಪೂರ್ಣ ಪ್ರವಾಹಕ್ಕೆಂದು ಮೀಸಲಿಟ್ಟರು. ಮೈಕಣ್ಣನನ್ನು ಭೂಪಟಗಳ ನಡುವಿನಿಂದ ಎಳೆದುತಂದು ವ್ಯಾನಿಗೆ ಹತ್ತಿಸಿದರು. ಅವನು ಆ ನಿಯಮಗಳನ್ನು ಗಮನವಿಟ್ಟು ಕೇಳಿ, ಹೂಂ ಎಂದು, ಮೊದಲ ಸುತ್ತಿನಲ್ಲೇ ಎಲ್ಲವನ್ನೂ ಗಾಳಿಗೆ ತೂರಿದ. ಯಾರೂ ಪ್ರಶ್ನಿಸಲಿಲ್ಲ. ಯೋಜನೆ ಯಶಸ್ವಿಯಾಗಿತ್ತಲ್ಲ!

ಮಳೆ ಹಿಂದೆ ಸರಿದ ಮೇಲೆ ಒಂದು ಭಾನುವಾರ ಅಕ್ಕ ತನ್ನ ಹೊಲಿಗೆಯಂತ್ರಕ್ಕೆ ಎಣ್ಣೆ ಹಾಕಿ, ಹೊಸ ಹತ್ತಿಯ ಮೂಟೆ ತರಿಸಿ, ಕೆಳಗಿನ ಬೀದಿಗೆ ಹೊರಡುವುದಾಗಿ ಹೇಳಿದಳು. ಮೈಕಣ್ಣ ಬಾಗಿಲಿಗೆ ಅಡ್ಡ ನಿಂತ.

"ಬೇಡ ಅಕ್ಕ. ಇಲ್ಲೇ ಇರು. ಜಾಗಕ್ಕೇನು ಬರ? ಅಲ್ಲಿ ಮತ್ತೆ ನೀರು ಬರುತ್ತೆ, ಬರೋದೇ ಅದು."

"ಗೊತ್ತು ಕಣೋ."

"ಮತ್ಯಾಕೆ ಹೋಗ್ತೀಯ?"

"ನನ್ನ ಗಿರಾಕಿಗಳೆಲ್ಲ ಅಲ್ಲಿದಾರೆ. ಇಲ್ಲಿ ಎಲ್ಲರೂ ಸ್ಪಂಜಿನ ಮೇಲೆ ಮಲಗೋರು." ಅವಳು ಚಪ್ಪಲಿ ಮೆಟ್ಟಿಕೊಂಡಳು. "ನೀರು ಬಂದ್ರೆ ನೀನು ಕೂಗು. ನಾನು ಬರ್ತೀನಿ."

"ಕೇಳಿಸದೇ ಇದ್ರೆ?"

ಒಳಗಿನಿಂದ ಹೆಂಡತಿಯ ನಗು ಕೇಳಿತು. ಅಕ್ಕನೂ ನಕ್ಕಳು. ಮೈಕಣ್ಣನಿಗೆ ಮಾತ್ರ ನಗು ಬರಲಿಲ್ಲ. ಅವನು ಬಗ್ಗಿ ಹತ್ತಿಯ ಮೂಟೆಯನ್ನು ಹೆಗಲಿಗೇರಿಸಿಕೊಂಡು, ಅಕ್ಕನಿಗಿಂತ ಎರಡು ಹೆಜ್ಜೆ ಮುಂದೆ, ಗುಡ್ಡದ ಮೆಟ್ಟಿಲುಗಳನ್ನು ಇಳಿಯತೊಡಗಿದ.